ನಾಲ್ಕನೇ ಗೇಮ್ ಬೈಯುವವರ ವಿರುದ್ಧ ಒಂದು ತಕರಾರು ಅರ್ಜಿ

ಸಂಪಾದಕರಿಗೆ ನಮಸ್ಕಾರ.

ವಿಡಿಯೋ ಗೇಮ್ ಬಗ್ಗೆ ವಾಚಕರ ಪತ್ರ ಅಂದರೆ ಸಾಮಾನ್ಯವಾಗಿ ಮಕ್ಕಳು ಹಾಳಾಗುತ್ತಿದ್ದಾರೆ ಅನ್ನುವ ಪತ್ರವೇ ಆಗಿರುತ್ತದೆ. ಇದು ಅದಲ್ಲ. ಇದು ಶುದ್ಧ ಜಗಳದ ಪತ್ರ. 'ಏಸ್ ಅಟಾರ್ನಿ' ಅನ್ನುವ ಜಪಾನಿನ ಕೋರ್ಟ್ ಗೇಮ್ ಸರಣಿಯನ್ನು ಆಡುವವರು ನಮ್ಮ ಊರುಗಳಲ್ಲೂ ಇದ್ದಾರೆ. ಅವರಲ್ಲಿ ಯಾರನ್ನೇ ಕೇಳಿ, ಮೊದಲ ಮೂರು ಗೇಮ್ ಚಿನ್ನ, ನಾಲ್ಕನೆಯದು ಬಂದು ಎಲ್ಲ ಕೆಡಿಸಿತು ಅಂತಾರೆ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ನನ್ನ ಪ್ರಕಾರ ಈ ಸರಣಿ ಹೇಳಬೇಕಾದ್ದನ್ನು ನೇರವಾಗಿ ಹೇಳಿದ್ದೇ ಆ ನಾಲ್ಕನೇ ಗೇಮ್‌ನಲ್ಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮೊದಲ ಗೇಮ್ ಜಪಾನಿನಲ್ಲಿ ಬಂದದ್ದು 2001ರ ಅಕ್ಟೋಬರ್‌ನಲ್ಲಿ, ಗೇಮ್ ಬಾಯ್ ಅಡ್ವಾನ್ಸ್ ಅನ್ನುವ ಅಂಗೈಯಗಲದ ಯಂತ್ರಕ್ಕೆ. ಕಂಪನಿ ಕ್ಯಾಪ್ಕಾಮ್. ಕಥೆ ಬರೆದು ನಿರ್ದೇಶನ ಮಾಡಿದವರು ಶು ತಕುಮಿ, ಇಡೀ ತಂಡದಲ್ಲಿ ಇದ್ದವರು ಏಳು ಜನ. ಇಂಗ್ಲಿಷ್‌ನಲ್ಲಿ ಬಂದದ್ದು 2005ರಲ್ಲಿ. ಆಟದಲ್ಲಿ ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ, ಜಿಗಿಯುವುದಿಲ್ಲ. ಓದಬೇಕು. ಒಂದು ಕಾದಂಬರಿ ಓದಿದಷ್ಟು ಓದಬೇಕು. ನೀವು ಫೀನಿಕ್ಸ್ ರೈಟ್ ಅನ್ನುವ ನೀಲಿ ಸೂಟಿನ, ಮುಳ್ಳುಮುಳ್ಳು ಕೂದಲಿನ ವಕೀಲ. ಕಟಕಟೆಯಲ್ಲಿ ಸಾಕ್ಷಿ ನಿಂತು ಹೇಳಿಕೆ ಕೊಡುತ್ತಾನೆ, ನೀವು ಒಂದೊಂದು ವಾಕ್ಯ ಹಿಡಿದು ಪಾಟಿ ಸವಾಲು ಮಾಡಬೇಕು. ಎಲ್ಲಿ ಸುಳ್ಳು ಹೇಳಿದ ಅನಿಸಿತೋ ಅಲ್ಲಿ ನಿಮ್ಮ ಹತ್ತಿರ ಇರುವ ಸಾಕ್ಷ್ಯ ತೆಗೆದು ಎದುರಿಗೆ ಇಡಬೇಕು. ಸರಿ ಇದ್ದರೆ ಫೀನಿಕ್ಸ್ 'ಅಬ್ಜೆಕ್ಷನ್!' ಅಂತ ಬೆರಳು ತೋರಿಸಿ ಕೂಗುತ್ತಾನೆ, ಸಂಗೀತ ನಿಂತುಹೋಗುತ್ತದೆ, ಸಾಕ್ಷಿ ಬೆವರುತ್ತಾನೆ. ತಪ್ಪಿದರೆ ಜಡ್ಜ್ ಬೈಯುತ್ತಾರೆ.

ಮೊದಲ ಗೇಮ್‌ನ ಮೊದಲ ಕೇಸನ್ನೇ ನೋಡಿ. ಒಬ್ಬ ಹುಡುಗಿಯ ಕೊಲೆ. ಆರೋಪಿ ಫೀನಿಕ್ಸ್‌ನ ಬಾಲ್ಯದ ಗೆಳೆಯ. ಹೆಣ ನೋಡಿದೆ ಅನ್ನುವ ಸಾಕ್ಷಿ, ನಾನು ನೋಡಿದ್ದು ಮಧ್ಯಾಹ್ನ 1 ಗಂಟೆಗೆ ಅಂತಾನೆ. ಮರಣೋತ್ತರ ವರದಿ ನೋಡಿದರೆ ಆಕೆ ಸತ್ತದ್ದು ಸಂಜೆ 4ರ ಮೇಲೆ. ಟಿವಿಯಲ್ಲಿ ಟೈಮ್ ಕೇಳಿದೆ ಅಂತಾನೆ, ಆ ಹೊತ್ತಲ್ಲಿ ಕರೆಂಟೇ ಇರಲಿಲ್ಲ. ಕೊನೆಗೆ ಕೊಲೆಗೆ ಬಳಸಿದ ಪ್ರತಿಮೆಯೇ ಗಡಿಯಾರ, ತಲೆ ಅಲ್ಲಾಡಿಸಿದರೆ ಟೈಮ್ ಹೇಳುತ್ತದೆ ಅಂತ ಗೊತ್ತಾಗುತ್ತದೆ. ಆ ಗಡಿಯಾರ ಮೂರು ಗಂಟೆ ಹಿಂದೆ ಇದೆ. ಯಾಕೆ? ಹುಡುಗಿ ಆಗತಾನೇ ಪ್ಯಾರಿಸ್‌ನಿಂದ ಬಂದಿದ್ದಳು, ಟೈಮ್ ಬದಲಾಯಿಸಿರಲಿಲ್ಲ. ಇಂಗ್ಲಿಷ್ ಆವೃತ್ತಿಯಲ್ಲಿ ಕಥೆ ನಡೆಯುವುದು ಲಾಸ್ ಏಂಜಲೀಸ್‌ನಲ್ಲಿ, ಅದಕ್ಕಿಂತ ಪ್ಯಾರಿಸ್ ಒಂಬತ್ತು ಗಂಟೆ ಮುಂದೆ, ಅಲ್ಲಿ ರಾತ್ರಿ 1 ಆದಾಗ ಇಲ್ಲಿ ಸಂಜೆ 4. ಅಂದರೆ ಗಡಿಯಾರ ಒಂದು ಗಂಟೆ ಅಂದಾಗ ಅದನ್ನು ಕೇಳಿಸಿಕೊಂಡವನು ಕೊಲೆಯ ಹೊತ್ತಿಗೆ ಅಲ್ಲೇ ಇದ್ದ, ಗಡಿಯಾರ ಅವನ ಕೈಯಲ್ಲೇ ಇತ್ತು. ಕೊಲೆಗಾರ ಯಾರು ಅಂತ ಗೇಮ್ ಶುರುವಿನಲ್ಲೇ ತೋರಿಸಿಬಿಟ್ಟಿರುತ್ತದೆ, ಆದರೂ ಈ ಲೆಕ್ಕ ಕೂಡಿಬಂದ ಕ್ಷಣ ಮೈ ಜುಂ ಅನ್ನುತ್ತದೆ.

ಇನ್ನು ಅಭಿಮಾನಿಗಳ ಮಾತಿಗೆ ಬರೋಣ. ಇವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಮೂರನೇ ಗೇಮ್ ದೇವರು. ಅದರಲ್ಲಿ ಗೋಡೋ ಅನ್ನುವ ಸರ್ಕಾರಿ ವಕೀಲ ಬರುತ್ತಾನೆ, ಮುಖಕ್ಕೆ ಕಬ್ಬಿಣದ ಮುಖವಾಡದಂಥದ್ದು, ಒಂದು ವಿಚಾರಣೆಗೆ 17 ಕಪ್ ಕಾಫಿಗಿಂತ ಜಾಸ್ತಿ ಕುಡಿಯಬಾರದು ಅನ್ನುವುದು ಅವನ ನಿಯಮ. (ನಮ್ಮ ಮಲೆನಾಡಿನವರಿಗೆ ಇದು ಕಮ್ಮಿಯೇ.) ಇನ್ನೊಂದು ಪಂಗಡ 2015 ಮತ್ತು 2017ರಲ್ಲಿ ಬಂದ 'ಗ್ರೇಟ್ ಏಸ್ ಅಟಾರ್ನಿ' ಜೋಡಿ ಗೇಮ್‌ಗಳ ಕಡೆ. ಅವು ಇಂಗ್ಲಿಷ್‌ಗೆ ಅಧಿಕೃತವಾಗಿ ಬಂದದ್ದು 2021ರಲ್ಲಿ, ಅಷ್ಟರವರೆಗೆ ಅಭಿಮಾನಿಗಳೇ ಕೂತು ಅನುವಾದ ಮಾಡಿಕೊಂಡು ಆಡಿದ್ದಾರೆ. ಸಂಬಳ ಇಲ್ಲದೆ. ಅಂಥ ಪ್ರೀತಿ.

ಎರಡನೇ ಗೇಮ್‌ನ ಸರ್ಕಸ್ ಕೇಸನ್ನು ಮಾತ್ರ ಎರಡೂ ಪಂಗಡದವರು ಒಟ್ಟಿಗೆ ಬೈಯುತ್ತಾರೆ. ಬೈಯಲಿ. ಆ ಜೋಕರ್‌ನ ಮಾತು ಕೇಳುವುದು ನಿಜಕ್ಕೂ ಹಿಂಸೆ. ಆದರೆ ಕೊಲೆಗಾರ ಕೊನೆಯಲ್ಲಿ ತಪ್ಪೊಪ್ಪಿಕೊಳ್ಳುವ ದೃಶ್ಯಕ್ಕೆ ಕಣ್ಣು ಒದ್ದೆ ಆಗದಿದ್ದರೆ ನನಗೆ ಹೇಳಿ. ಅದೇ ಗೇಮ್‌ನ ಕೊನೆಯ ಕೇಸಂತೂ ಬೇರೆಯೇ ಮಟ್ಟ. ಅಲ್ಲಿವರೆಗೆ ಫೀನಿಕ್ಸ್‌ನ ಕಕ್ಷಿದಾರ ಅಂದರೆ ನಿರಪರಾಧಿ ಅಂತಲೇ ಲೆಕ್ಕ. ಇಲ್ಲಿ ಕಕ್ಷಿದಾರನೇ ಕೂಲಿ ಹಂತಕನನ್ನು ಇಟ್ಟು ಕೊಲೆ ಮಾಡಿಸಿದ ಅಪರಾಧಿ. ಆ ಹಂತಕ ಫೀನಿಕ್ಸ್‌ನ ಜೊತೆಗಾರ್ತಿ ಮಾಯಾಳನ್ನು ಹೊತ್ತುಕೊಂಡು ಹೋಗಿ, ನಿನ್ನ ಕಕ್ಷಿದಾರನನ್ನು ಬಿಡಿಸಿದರೆ ಇವಳನ್ನು ಬಿಡುತ್ತೇನೆ ಅಂತ ಕೂತಿದ್ದಾನೆ. ಕಕ್ಷಿದಾರನನ್ನು ನಂಬು ಅಂತ ಗುರು ಹೇಳಿಕೊಟ್ಟ ಪಾಠ ಅಲ್ಲಿ ಕೈಕೊಡುತ್ತದೆ. ಹಾಗಾದರೆ ವಕೀಲ ಇರುವುದು ಯಾಕೆ? ಈ ಪ್ರಶ್ನೆ ಮೊದಲು ಎದ್ದದ್ದು ಇಲ್ಲಿ. ಈ ಎಳೆ ನೆನಪಿರಲಿ.

ಇನ್ನೊಂದು ದೂರು ತುಂಬಾ ಕೇಳುತ್ತದೆ. ಇದೆಲ್ಲ ತಮಾಷೆ, ಕೋರ್ಟು ಹೀಗಿರುತ್ತಾ ಅಂತ. ನನ್ನ ತಂಗಿ ವಕೀಲೆ, ಜಿಲ್ಲಾ ಕೋರ್ಟಿನಲ್ಲಿ ಜೂನಿಯರ್. ಅವಳ ಮುಂದೆ ಆಡಿದರೆ ಮುಗಿಯಿತು ಕಥೆ. "ಅಣ್ಣಾ, ಆ ಜಡ್ಜ್ ಕೈಲಿ ಸುತ್ತಿಗೆ ಯಾಕೆ? ಎಲ್ಲಿ ಕುಟ್ತಾರೆ ಹಾಗೆ?" ಜಪಾನಿನ ಜಡ್ಜ್‌ಗಳೂ ಕುಟ್ಟುವುದಿಲ್ಲ, ಅದು ಸಿನಿಮಾದಿಂದ ಬಂದ ಸುತ್ತಿಗೆ. "ಕೊನೇ ನಿಮಿಷದಲ್ಲಿ ಜೇಬಿಂದ ಸಾಕ್ಷ್ಯ ತೆಗೆದು ತೋರಿಸಿದ್ರೆ ಸರ್ಕಾರಿ ವಕೀಲರು ಸುಮ್ನೆ ಇರ್ತಾರಾ?" ಇರುವುದಿಲ್ಲ. "ಮೂರೇ ದಿನದಲ್ಲಿ ಕೊಲೆ ಕೇಸು ಮುಗೀತಾ? ನಮ್ಮಲ್ಲಿ ಮೊದಲ ವಾಯಿದೆಗೇ ಮೂರು ತಿಂಗಳು ಹೋಗತ್ತೆ." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಕೇಸಿನಲ್ಲಿ ಗಿಳಿಯನ್ನು ಕಟಕಟೆಗೆ ತಂದು ಪಾಟಿ ಸವಾಲು ಮಾಡುತ್ತಾರೆ ಅಂತ ಅವಳಿಗೆ ಇನ್ನೂ ಹೇಳಿಲ್ಲ.

ಆದರೆ ಹೊರಗಿನ ವೇಷ ತಮಾಷೆ, ಒಳಗಿನ ಸಿಟ್ಟು ತಮಾಷೆ ಅಲ್ಲ. ಇಂಗ್ಲಿಷ್ ಆವೃತ್ತಿಯವರು ಕಥೆಯನ್ನು ಲಾಸ್ ಏಂಜಲೀಸ್‌ಗೆ ಎತ್ತಿಟ್ಟು, ಮಾಯಾ ತಿನ್ನುವ ರಾಮೆನ್ ನೂಡಲ್ಸ್ ಅನ್ನು ಬರ್ಗರ್ ಮಾಡಿದ್ದಾರೆ, ಹಾಗಾಗಿ ಬಹಳ ಜನಕ್ಕೆ ಇದು ಜಪಾನಿನ ಕೋರ್ಟಿನ ಮೇಲಿನ ಕಥೆ ಅಂತಲೇ ಹೊಳೆಯುವುದಿಲ್ಲ. ಜಪಾನಿನಲ್ಲಿ ಸರ್ಕಾರಿ ವಕೀಲರು ದೋಷಾರೋಪ ಹೊರಿಸಿ ಕೋರ್ಟಿಗೆ ತಂದ ಕೇಸುಗಳಲ್ಲಿ ಶೇ 99ಕ್ಕಿಂತ ಜಾಸ್ತಿ ಶಿಕ್ಷೆಯಲ್ಲೇ ಮುಗಿಯುತ್ತವೆ. ಗೆಲ್ಲುವ ಕೇಸನ್ನು ಮಾತ್ರ ತರುತ್ತಾರೆ, ಅನುಮಾನ ಇದ್ದದ್ದನ್ನು ಬಿಡುತ್ತಾರೆ ಅನ್ನುವುದು ಒಂದು ಕಾರಣ. ಇನ್ನೊಂದು, ದೋಷಾರೋಪಕ್ಕೆ ಮುಂಚೆಯೇ 23 ದಿನದವರೆಗೆ ಒಳಗಿಟ್ಟು ವಿಚಾರಿಸಬಹುದು, ಆ ಕೋಣೆಯಲ್ಲಿ ವಕೀಲ ಕೂರುವಂತಿಲ್ಲ. ಅಲ್ಲಿ ತಪ್ಪೊಪ್ಪಿಗೆ ಬಂದುಬಿಟ್ಟರೆ ಮುಂದೆ ಕೋರ್ಟಿನಲ್ಲಿ ಹೋರಾಡುವುದಕ್ಕೆ ಏನು ಉಳಿಯಿತು? ಫೀನಿಕ್ಸ್ ಪ್ರತಿ ಸಲ ನನ್ನ ಕಕ್ಷಿದಾರ ಮಾಡಿಲ್ಲ ಅಂದರೆ ಸಾಕಾಗುವುದಿಲ್ಲ, ಮಾಡಿದವನನ್ನು ಹಿಡಿದು ತೋರಿಸಲೇಬೇಕು. ಇದು ಯಾವ ನ್ಯಾಯ ಅಂತ ಅಭಿಮಾನಿಗಳು ನಗುತ್ತಾರೆ. ಆ 99 ನೆನೆಸಿಕೊಂಡರೆ ನಗು ಬರುವುದಿಲ್ಲ.

ಮೊದಲ ಗೇಮ್‌ನಲ್ಲಿ 15 ವರ್ಷ ಹಳೆಯ ಒಂದು ಕೊಲೆಯ ಗಡುವು ನಾಳೆ ಮುಗಿಯುತ್ತದೆ, ಆಮೇಲೆ ಯಾರನ್ನೂ ಹಿಡಿಯುವಂತಿಲ್ಲ ಅನ್ನುವ ಒತ್ತಡ ಬರುತ್ತದಲ್ಲ, ಅದು ಕಥೆಗಾಗಿ ಹೊಸೆದ ಗಡುವಲ್ಲ. ಆಗ ಜಪಾನಿನ ಕಾನೂನೇ ಹಾಗಿತ್ತು. ಆಮೇಲೆ ಅದನ್ನು 25 ವರ್ಷ ಮಾಡಿದರು, 2010ರಲ್ಲಿ ಕೊಲೆಗೆ ಗಡುವನ್ನೇ ತೆಗೆದುಹಾಕಿದರು.

ಇನ್ನು ನಾಲ್ಕನೇ ಗೇಮ್. 'ಅಪೋಲೋ ಜಸ್ಟೀಸ್', 2007ರ ಏಪ್ರಿಲ್. ಆಡಬೇಕು ಅಂತ ಇರುವವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.

ಕಥೆ ಏಳು ವರ್ಷ ಮುಂದಕ್ಕೆ ಹಾರಿದೆ. ಫೀನಿಕ್ಸ್ ಈಗ ವಕೀಲ ಅಲ್ಲ. ಸನ್ನದು ಹೋಗಿದೆ. ಗಡ್ಡ ಬಿಟ್ಟು, ಉಣ್ಣೆ ಟೋಪಿ ಹಾಕಿಕೊಂಡು, ಒಂದು ರಷ್ಯನ್ ಹೋಟೆಲಿನಲ್ಲಿ ಬಾರದ ಪಿಯಾನೋ ಬಾರಿಸುತ್ತಾ ಪೋಕರ್ ಆಡಿಕೊಂಡಿದ್ದಾನೆ. ಏಳು ವರ್ಷದ ಹಿಂದೆ ವಿಚಾರಣೆಯ ದಿನ ಅವನ ಕೈಗೆ ಒಂದು ದಿನಚರಿಯ ಹಾಳೆ ಬಂತು. ನಾವು ಆಟಗಾರರು ಏನು ಮಾಡುತ್ತೇವೆ? ಸಾಕ್ಷ್ಯ ಸಿಕ್ಕಿತು, ಸುಳ್ಳಿಗೆ ಹೊಂದುತ್ತದೆ, ಎದುರಿಗೆ ಇಡುತ್ತೇವೆ. ಇಟ್ಟ ತಕ್ಷಣ ಎದುರು ವಕೀಲ, ಇದು ನಕಲಿ, ಮಾಡಿಕೊಟ್ಟವನೇ ಇಲ್ಲಿದ್ದಾನೆ ಅಂತ ಕರೆದು ನಿಲ್ಲಿಸುತ್ತಾನೆ. ಮೂರು ಗೇಮ್‌ಗಳಲ್ಲಿ ನಮಗೆ ಕಲಿಸಿದ ಅಭ್ಯಾಸವನ್ನೇ ಬಳಸಿ ನಮ್ಮ ನಾಯಕನನ್ನು ಮುಗಿಸಿಬಿಟ್ಟರು. ಗೇಮ್‌ಗೆ ಬಿಟ್ಟರೆ ಬೇರೆ ಯಾವುದಕ್ಕೂ ಈ ಏಟು ಕೊಡೋಕೆ ಆಗಲ್ಲ, ಯಾಕೆಂದರೆ ಆ ಬಟನ್ ಒತ್ತಿದ್ದು ನಾವೇ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೊಸ ಹುಡುಗ ಅಪೋಲೋನ ಮೊದಲ ಕೇಸಿನಲ್ಲಿ ಗೆಲುವು ತಂದುಕೊಡುವ ರಕ್ತದ ಕಲೆಯ ಇಸ್ಪೀಟೆಲೆಯೂ ನಕಲಿ, ಅದನ್ನು ಅವನ ಕೈಸೇರಿಸಿದ್ದು ಫೀನಿಕ್ಸ್! ಅಭಿಮಾನಿಗಳಿಗೆ ಉರಿದುಹೋದದ್ದು ಇಲ್ಲಿ. ನಮ್ಮ ಫೀನಿಕ್ಸ್ ಹೀಗೆ ಮಾಡಲ್ಲ ಅಂತ.

ಮಾಡುತ್ತಾನೆ ಸ್ವಾಮಿ. ಏಳು ವರ್ಷ ಕೋರ್ಟಿನ ಹೊರಗೆ ಬಿದ್ದವನು ಮಾಡುತ್ತಾನೆ. ಸಾಕ್ಷ್ಯ ಒಂದೇ ದೇವರು ಅನ್ನುವ ಕೋರ್ಟಿನಲ್ಲಿ ಸಾಕ್ಷ್ಯವನ್ನೇ ತಯಾರು ಮಾಡುವವನು ಕೂತಿದ್ದರೆ ಏನು ಗತಿ ಅಂತ ಈ ಗೇಮ್ ಕೇಳುತ್ತದೆ. ಕೊನೆಯ ಕೇಸಿನಲ್ಲಿ ಕೊಲೆಗಾರ ಕ್ರಿಸ್ಟೋಫ್ ತಾನೇ ವಕೀಲ, ಒಂದೂ ಕುರುಹು ಬಿಟ್ಟಿಲ್ಲ, ನಿಮ್ಮ ಹತ್ತಿರ ಸಾಕ್ಷ್ಯ ಎಲ್ಲಿ ಅಂತ ನಗುತ್ತಾನೆ. ಅವನನ್ನು ಸೋಲಿಸುವುದು ಕೊನೇ ಗಳಿಗೆಯ ಸಾಕ್ಷ್ಯ ಅಲ್ಲ. ಆರು ಜನ ಸಾಮಾನ್ಯರು. ಫೀನಿಕ್ಸ್ ಹಿಂದೆ ನಿಂತು ತಂದ ಹೊಸ ವ್ಯವಸ್ಥೆಯಲ್ಲಿ ಜನರೇ ಕೂತು ತೀರ್ಪು ಹೇಳುತ್ತಾರೆ, ಮತ್ತು ಆ ಕ್ಷಣ ಆಟಗಾರರಾದ ನಮ್ಮ ಕೈಯಿಂದ ವಕೀಲನ ಪಾತ್ರ ಕಿತ್ತುಕೊಂಡು ತೀರ್ಪು ಕೊಡುವವರ ಜಾಗಕ್ಕೆ ಕೂರಿಸುತ್ತಾರೆ. ಅಪರಾಧಿಯೋ ಅಲ್ಲವೋ ಆರಿಸಿ ಅಂತ. ಎರಡನೇ ಗೇಮ್ ಎತ್ತಿದ ಪ್ರಶ್ನೆಯನ್ನು ಇಲ್ಲಿ ಕೋರ್ಟಿಗೇ ಕೇಳಿದ್ದಾರೆ. ಇದನ್ನೂ ಸುಮ್ನೆ ಊಹಿಸಿ ಬರೆದದ್ದಲ್ಲ. ಜಪಾನಿನಲ್ಲಿ ಜನಸಾಮಾನ್ಯರನ್ನು ಜಡ್ಜ್‌ಗಳ ಪಕ್ಕ ಕೂರಿಸುವ ಕಾನೂನು 2004ರಲ್ಲಿ ಆಯಿತು, ಜಾರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. ಗಂಭೀರ ಕೇಸುಗಳಲ್ಲಿ ಮೂವರು ಜಡ್ಜ್, ಆರು ಜನ ಸಾಮಾನ್ಯರು. ಅಂದರೆ ಕಾನೂನು ಆಗಿ, ಜಾರಿ ಆಗುವ ಮಧ್ಯೆ, ಊರೆಲ್ಲ ನಮ್ಮ ಕೈಲಿ ಇದು ಆಗತ್ತಾ ಅಂತ ಯೋಚನೆಯಲ್ಲಿದ್ದಾಗ ಈ ಗೇಮ್ ಬಂತು.

ನಕಲಿ ಸಾಕ್ಷ್ಯ ಅತಿಯಾಯಿತು ಅನ್ನುವವರು ಇವಾವೋ ಹಕಮದ ಅವರ ಕೇಸು ಓದಿ. 1966ರಲ್ಲಿ ಶಿಜುವೋಕಾ ಕಡೆ ಒಂದು ಮಿಸೋ ಕಾರ್ಖಾನೆಯ ಮ್ಯಾನೇಜರ್ ಮನೆಯಲ್ಲಿ ನಾಲ್ವರ ಕೊಲೆ ಆಯಿತು. ಮಿಸೋ ಅಂದರೆ ಸೋಯಾ ಕಾಳು ಹುಳಿಯಿಸಿ ಮಾಡುವ ಹಿಟ್ಟು. ಅಲ್ಲಿ ಕೆಲಸಕ್ಕಿದ್ದ, ಹಿಂದೆ ಬಾಕ್ಸಿಂಗ್ ಆಡುತ್ತಿದ್ದ ಹಕಮದ ಅವರನ್ನು ಹಿಡಿದು ತಪ್ಪೊಪ್ಪಿಸಿದರು. ಅವರು ಕೋರ್ಟಿನಲ್ಲಿ ಇಲ್ಲ ಅಂದರು. ಕೊಲೆಯಾಗಿ ಒಂದು ವರ್ಷದ ಮೇಲೆ, ವಿಚಾರಣೆ ನಡೆಯುತ್ತಿರುವಾಗ, ಮಿಸೋ ತೊಟ್ಟಿಯೊಳಗೆ ರಕ್ತದ ಕಲೆಯ ಐದು ಬಟ್ಟೆ ಸಿಕ್ಕವು. ಪ್ಯಾಂಟ್ ಹಾಕಿಸಿ ನೋಡಿದರೆ ಅವರಿಗೆ ಹಿಡಿಸಲೇ ಇಲ್ಲ. ಮಿಸೋದಲ್ಲಿ ನೆನೆದು ಕುಗ್ಗಿದೆ ಅಂದರು. ಅಷ್ಟು ದಿನ ಮಿಸೋದಲ್ಲಿ ಮುಳುಗಿದ್ದ ಬಟ್ಟೆಯಲ್ಲಿ ರಕ್ತದ ಕಲೆ ಕೆಂಪಗೇ ಇತ್ತು, ಕಪ್ಪಾಗಬೇಕಿತ್ತು. 1968ರಲ್ಲಿ ಗಲ್ಲು ಶಿಕ್ಷೆ. 2014ರಲ್ಲಿ ಹೊರಬಂದರು. ಕೋರ್ಟು ನಿರಪರಾಧಿ ಅಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಆ ಬಟ್ಟೆಗಳು ತನಿಖೆ ಮಾಡಿದವರೇ ಸೃಷ್ಟಿಸಿದ್ದು ಅಂತಲೂ ಹೇಳಿತು. ಆಗ ಅವರಿಗೆ 88 ವರ್ಷ. ಅಷ್ಟೂ ವರ್ಷ ಹೊರಗೆ ಓಡಾಡಿ ಹೋರಾಡಿದ್ದು ಅವರ ಅಕ್ಕ ಹಿದೆಕೋ, ಅವರಿಗೆ 91. ಸೇರದ ಪ್ಯಾಂಟು, ಕಪ್ಪಾಗದ ಕಲೆ. ಗೇಮ್‌ನಲ್ಲಾದರೆ ಇಷ್ಟಕ್ಕೆ ಎರಡು 'ಅಬ್ಜೆಕ್ಷನ್' ಸಾಕು, ಸಾಕ್ಷಿ ಬೆವರಿ ಬೀಳುತ್ತಿದ್ದ.

ನಾಲ್ಕನೇ ಗೇಮ್‌ಗೆ ದೋಷ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೆಸರು ಅಪೋಲೋನದ್ದು, ಆಟ ಪೂರ್ತಿ ಫೀನಿಕ್ಸ್‌ನ ಕೈಯಲ್ಲಿ. ಪಾಪ, ಆ ಹುಡುಗ ತನ್ನ ಮದುವೆಗೆ ತಾನೇ ಊಟ ಬಡಿಸೋಕೆ ನಿಂತ ಹಾಗೆ ಇದ್ದಾನೆ. ಕೊನೆಯ ಕೇಸಿನಲ್ಲಿ ಇಂದಿನ ಮಾತು ಏಳು ವರ್ಷದ ಹಿಂದಿನವರಿಗೆ ತೋರಿಸಿ ಉತ್ತರ ಪಡೆಯುವ ಒಂದು ವಿಚಿತ್ರ ಏರ್ಪಾಡು ಇದೆ, ಅದಕ್ಕೆ ತಲೆಬುಡ ಇಲ್ಲ. ಅಪೋಲೋ ಮತ್ತು ಫೀನಿಕ್ಸ್‌ನ ಸಾಕುಮಗಳು ಟ್ರೂಸಿ ಒಂದೇ ತಾಯಿಯ ಮಕ್ಕಳು ಅಂತ ನಮಗೆ ಗೊತ್ತಾಗುತ್ತದೆ, ಅವರಿಗೆ ಗೊತ್ತಾಗುವುದಿಲ್ಲ. ಐದು ಮುಗಿಯಿತು, ಆರು ಮುಗಿಯಿತು, ಇನ್ನೂ ಆ ದೃಶ್ಯ ಬಂದಿಲ್ಲ.

ಆದರೆ ಇದು ಯಾರ ತಪ್ಪು? ಆಮೇಲೆ ಬಂದವರದ್ದು. 2013ರ ಐದನೇ ಗೇಮ್ ಹೊತ್ತಿಗೆ ತಕುಮಿ ಇಲ್ಲ. ಅಭಿಮಾನಿಗಳ ಗಲಾಟೆಗೆ ಹೆದರಿದರೋ ಏನೋ, ಫೀನಿಕ್ಸ್‌ಗೆ ಮತ್ತೆ ನೀಲಿ ಸೂಟು ಹಾಕಿಸಿ, ಸನ್ನದು ಕೊಟ್ಟು, ನಗಿಸಿಕೊಂಡು ಕೋರ್ಟಿಗೆ ಕಳಿಸಿದರು. ಕಾನೂನಿನ ಕರಾಳ ಕಾಲ ಅಂತ ಪಾತ್ರಗಳು ಬಾಯಲ್ಲಿ ಹತ್ತು ಸಲ ಹೇಳುತ್ತವೆ, ಕಣ್ಣಿಗೆ ಕಾಣುವುದು ಕಮ್ಮಿ. ಆರು ಜನ ಸಾಮಾನ್ಯರ ವ್ಯವಸ್ಥೆ ಎಲ್ಲಿ ಹೋಯಿತು? ಯಾರೂ ಕೇಳುವಂತಿಲ್ಲ. ಅದರ ಮೇಲೆ, ಮುಂದೆ ಏನು ಮಾಡಬೇಕು ಅಂತ ಚೀಟಿ ಬರೆದುಕೊಟ್ಟು ಕೈಹಿಡಿದು ನಡೆಸುತ್ತಾರೆ. ಅಪೋಲೋಗೆ ದಿಢೀರನೆ ಒಬ್ಬ ಜೀವದ ಗೆಳೆಯ ಹುಟ್ಟಿಕೊಂಡ, ಅದೇ ಗೇಮ್‌ನಲ್ಲಿ ಸತ್ತ. ಆರನೆಯದರಲ್ಲಿ ದಿಢೀರನೆ ಒಬ್ಬ ಸಾಕುತಂದೆ ಹುಟ್ಟಿಕೊಂಡ. ಪ್ರತಿ ಗೇಮ್‌ಗೂ ಹುಡುಗನಿಗೆ ಹೊಸ ಬಾಲ್ಯ ಅಂತ ಅಭಿಮಾನಿಗಳು ಗೇಲಿ ಮಾಡುವುದು ನ್ಯಾಯವೇ. ಆದರೂ ಆರನೆಯದನ್ನು ನಾನು ಪೂರ್ತಿ ತಳ್ಳಿಹಾಕಲ್ಲ. ಹಿಮಾಲಯದ ಸೀಮೆಯನ್ನು ಕಲಸುಮೇಲೋಗರ ಮಾಡಿ ಒಂದು ರಾಜ್ಯ ಕಟ್ಟಿದ್ದಾರೆ, ಅಲ್ಲಿ ಅಪರಾಧಿಯ ಪರ ನಿಂತ ವಕೀಲನಿಗೂ ಅಪರಾಧಿಗೆ ಕೊಟ್ಟ ಶಿಕ್ಷೆಯೇ. ಹಾಗಾಗಿ ಆ ದೇಶದಲ್ಲಿ ವಕೀಲರೇ ಇಲ್ಲ. ಕೋರ್ಟು ವಕ್ರವಾದಷ್ಟೂ ಈ ಸರಣಿಗೆ ಜೀವ ಬರುತ್ತದೆ.

'ಗ್ರೇಟ್ ಏಸ್ ಅಟಾರ್ನಿ' ಜನರಿಗೆ ಅಷ್ಟು ಹಿಡಿಸಿದ್ದೂ ಅದಕ್ಕೇ ಅಲ್ವಾ? ತಕುಮಿ ವಾಪಸ್ ಬಂದು ಬರೆದದ್ದು. ಮೇಜಿ ಕಾಲದ, ಅಂದರೆ ನೂರು ವರ್ಷಕ್ಕೂ ಹಿಂದಿನ ಜಪಾನ್. ಮೊದಲ ಕೇಸಿನಲ್ಲೇ ಒಬ್ಬಳು ಇಂಗ್ಲಿಷ್ ಹೆಂಗಸು ಕೊಲೆ ಮಾಡಿದ್ದಾಳೆ ಅಂತ ಗೊತ್ತಿದ್ದರೂ ಬ್ರಿಟಿಷರ ಜೊತೆಗಿನ ಒಪ್ಪಂದಕ್ಕೆ ಹೆದರಿ ಜಪಾನಿನ ಕೋರ್ಟು ಅವಳನ್ನು ಮುಟ್ಟಲ್ಲ. ಯುರೋಪಿನವರನ್ನು ಭಾರತದ ಜಡ್ಜ್ ವಿಚಾರಿಸಬಹುದು ಅನ್ನುವ 1883ರ ಇಲ್ಬರ್ಟ್ ಮಸೂದೆಗೆ ಬಿಳಿಯರು ಎಬ್ಬಿಸಿದ ಗಲಾಟೆಯನ್ನು ಶಾಲೆಯಲ್ಲಿ ಓದಿದವರಿಗೆ ಈ ಕೇಸು ಅಮೆರಿಕದವರಿಗಿಂತ ಜಾಸ್ತಿ ನಾಟುತ್ತದೆ. ಮುಂದೆ ಕಥೆ ಲಂಡನ್‌ಗೆ ಹೋಗುತ್ತದೆ, ಅಲ್ಲಿ ಆರು ಜನ ಜ್ಯೂರಿ. ನೋಡಿ, ಮತ್ತೆ ಅದೇ ಆರು ಜನ! ಒಬ್ಬೊಬ್ಬರೂ ತಮ್ಮ ತಮ್ಮ ಹಠಕ್ಕೆ ಬಿದ್ದವರು, ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ತಾಗಿಸಿ ಅವರ ಮನಸ್ಸು ತಿರುಗಿಸಬೇಕು. ನಾಲ್ಕನೇ ಗೇಮ್‌ನಲ್ಲಿ ಅರ್ಧಕ್ಕೆ ಬಿಟ್ಟ ಜನರ ತೀರ್ಪನ್ನು ತಕುಮಿ ಇಲ್ಲಿ ಎತ್ತಿಕೊಂಡು ಮುಗಿಸಿದ್ದಾರೆ ಅಂತ ನನಗೆ ಅನಿಸುತ್ತದೆ. ಹಾಗಾಗಿ ಇದನ್ನು ಹೊಗಳಿ ಅದನ್ನು ಬೈಯುವವರನ್ನು ಕಂಡರೆ ನನಗೆ ಅರ್ಥವೇ ಆಗಲ್ಲ.

ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು. ಮೊದಲ ಮೂರು ಗೇಮ್ ಒಟ್ಟಿಗೆ ಕಂಪ್ಯೂಟರ್‌ನಲ್ಲೂ ಮೊಬೈಲ್‌ನಲ್ಲೂ ಸಿಗುತ್ತವೆ. ನಾಲ್ಕು, ಐದು, ಆರು ಸೇರಿಸಿ 2024ರ ಜನವರಿಯಲ್ಲಿ ಒಂದು ಕಟ್ಟು ಬಂತು. ಯಾವುದನ್ನೂ ಹಾರಿಸದೆ ಬಂದ ಕ್ರಮದಲ್ಲೇ ಆಡಿ, ಇಲ್ಲದಿದ್ದರೆ ನಾಲ್ಕನೆಯದರ ಏಟು ಬೀಳುವುದೇ ಇಲ್ಲ. ಕನ್ನಡದಲ್ಲಿ ಇಲ್ಲ, ಇಂಗ್ಲಿಷ್‌ನಲ್ಲೇ ಓದಬೇಕು.

ನನ್ನ ಮಾತಿಗೆ ತಕರಾರು ಇರುವವರು ಇದೇ ಅಂಕಣಕ್ಕೆ ಬರೆಯಲಿ, ಸಂತೋಷ. ಒಂದೇ ಷರತ್ತು, ನಾಲ್ಕನೇ ಗೇಮನ್ನು ಕೊನೆವರೆಗೂ ಆಡಿರಬೇಕು. ಅದರ ಮೂರನೇ ಕೇಸಿನಲ್ಲಿ ಒಂದೇ ಹಾಡಿನ ವಿಡಿಯೋವನ್ನು ಮತ್ತೆ ಮತ್ತೆ ತೋರಿಸಿ ಪ್ರಾಣ ತೆಗೆಯುತ್ತಾರೆ, ಕಡ್ಡಿಯಂಥ 14 ವರ್ಷದ ಹುಡುಗ ದೊಡ್ಡ ರಿವಾಲ್ವರ್ ಹಾರಿಸಿದ ಅಂತ ಕೋರ್ಟು ಒಪ್ಪಿಕೊಂಡು ಕೂತಿರುತ್ತದೆ. ಬಹಳ ಜನ ಕೈಬಿಟ್ಟದ್ದು ಅಲ್ಲೇ. ಅದನ್ನು ಸಮರ್ಥಿಸೋಕೆ ನನ್ನನ್ನು ಕೇಳಬೇಡಿ, ಆ ಕೇಸಿಗೆ ನಾನು ವಕಾಲತ್ತು ಹಾಕಲ್ಲ.

ಇತಿ,
ನಿಮ್ಮ ಓದುಗ
ಶಿವಮೊಗ್ಗ